ಎರಡನೇ ಭಾಗಕ್ಕೆ ಮೊದಲು

ಸೂಪರ್‌ಹೀರೋ ಗೇಮಿನ ಎರಡನೇ ಭಾಗ ಅಂಗಡಿಗೆ ಬರುವ ಮುಂಚೆಯೇ ಅದರ ವಿಮರ್ಶೆ ಬಂದಿತ್ತು. ಹತ್ತಕ್ಕೆ ಆರೇ ಅಂಕ. ಓದಿದ ಮಧುಕೇಶನಿಗೆ ಮೈಯೆಲ್ಲ ಉರಿದುಹೋಯಿತು. ಬೆಳಗಿನಿಂದ ಮೊಬೈಲ್ ಹಿಡಿದು ಕೂತು, ಮುಖ ಕಾಣದ ಆ ವಿಮರ್ಶಕನ ಜನ್ಮ ಜಾಲಾಡಿದ. ವಿಮರ್ಶೆಗೆ ಹೆಬ್ಬೆರಳು ಎತ್ತಿದ ತಪ್ಪಿಗೆ ಬಾಲ್ಯದ ಗೆಳೆಯ ಪ್ರಸನ್ನನನ್ನೂ ವಾಟ್ಸಾಪ್ ಗ್ರೂಪಿನಿಂದ ಕಿತ್ತುಹಾಕಿದ.

ಸಂಜೆ ಪ್ರಸನ್ನ ಮನೆಗೇ ಬಂದ.

"ಅಲ್ಲ ಕಣೋ, ಒಂದು ಗೇಮಿಗೋಸ್ಕರ ನನ್ನನ್ನೇ ತೆಗೆದುಬಿಟ್ಯಾ?"

"ಮೊದಲನೇ ಭಾಗ ಪೂರ್ತಿ ಆಡದೇ ಇರೋರಿಗೆ ಎರಡನೇದು ಏನು ಅರ್ಥ ಆಗುತ್ತೆ? ಆ ವಿಮರ್ಶಕನೂ ಅಷ್ಟೇ, ನೀನೂ ಅಷ್ಟೇ!"

"ಆಯ್ತಪ್ಪ, ನಂದೇ ತಪ್ಪು. ನಿನ್ನ ಹತ್ರ ಇರೋ ಮೊದಲನೇದು ಕೊಡು, ಆಡಿ ನೋಡ್ತೀನಿ."

ಮಧುಕೇಶನ ದನಿ ಇಳಿಯಿತು. "ಅದು... ಎಲ್ಲಿಟ್ಟಿದೀನೋ ಏನೋ. ಮೊದಲು ಕಾಫಿ ಕುಡಿ."

"ಶೋಕೇಸಲ್ಲೇ ಇದೆಯಲ್ರೀ!" ಎನ್ನುತ್ತ ಒಳಗಿನಿಂದ ಬಂದ ಹೆಂಡತಿ ಗೇಮಿನ ಡಬ್ಬಿ ತೆಗೆದು ಪ್ರಸನ್ನನ ಕೈಗೇ ಕೊಟ್ಟಳು.

ಡಬ್ಬಿಯ ಮೇಲೆ ಮೂರು ಆಯುಧಪೂಜೆಗಳ ಕುಂಕುಮ ಒಣಗಿತ್ತು. ಕಂಪನಿಯವರು ಸುತ್ತಿದ ಪ್ಲಾಸ್ಟಿಕ್ಕನ್ನು ಇನ್ನೂ ಯಾರೂ ಬಿಚ್ಚಿರಲಿಲ್ಲ.