ಒಡೆದ ರೊಟ್ಟಿ

ಗಂಡನ ತಾಟಿಗೆ ಒಡೆದ ರೊಟ್ಟಿ ಹಾಕಲು ಹೋದ ಗಿರಿಜಾಬಾಯಿಯ ಕೈ ಅರ್ಧಕ್ಕೇ ನಿಂತಿತು. ಬಸವಕಲ್ಯಾಣದ ಖಾನಾವಳಿಗೆ ದಿನಾ ನೂರು ರೊಟ್ಟಿ ಬಡಿಯುವ ಮನೆ ಅದು. ಅಂಚು ಸೀಳಿದ ರೊಟ್ಟಿಯನ್ನು ಖಾನಾವಳಿಯವರು ಮುಟ್ಟುವುದಿಲ್ಲ; ಅವು ಮೊದಲಿನಿಂದಲೂ ಗಂಡ ಮಚ್ಚೇಂದ್ರನ ಪಾಲು. ಇವತ್ತು ಬೇರೆ ತೆಗೆದಿಟ್ಟವನ್ನು ಎಣಿಸಿದಳು. ಎಂಟು.

ನಿನ್ನೆ ಹುಮನಾಬಾದಿನ ಡಾಕ್ಟರು ಹೇಳಿದ್ದೂ ಎಂಟೇ. ಗಂಡನ ಕರುಳಿನಿಂದ ಆಪರೇಷನ್ ಮಾಡಿ ತೆಗೆದ ಕ್ಯಾನ್ಸರ್ ಗಡ್ಡೆಯ ರಿಪೋರ್ಟು ನೋಡಿ, "ಶುರುವಿನಾಗೇ ಸಿಕ್ಕದ, ಛಲೋ ಆಯ್ತು. ಇಂಥಾ ನೂರು ಮಂದಿಯೊಳಗ ಎಂಟು ಮಂದಿಗಷ್ಟೇ ಮತ್ತ ಬರಬಹುದು" ಎಂದಿದ್ದರು. ಆ ಎಂಟು ಮಂದಿ ಯಾರು ಅಂತ ರಿಪೋರ್ಟಿನಲ್ಲಿ ಇರಲಿಲ್ಲ. ಮಚ್ಚೇಂದ್ರ ಏನೂ ಕೇಳಲಿಲ್ಲ. ಬಸ್ಸು ಹತ್ತಿದವನೇ ಕಣ್ಣು ಮುಚ್ಚಿದ. ದಾರಿಯಲ್ಲಿನ ರಾಜೇಶ್ವರ ಊರು ಬರುವವರೆಗೂ ತೆರೆಯಲಿಲ್ಲ. ಆ ಮಾತು ಇವನ ಕಿವಿಗೆ ಬಿದ್ದೇ ಇಲ್ಲ, ಒಳ್ಳೆಯದೇ ಆಯಿತು ಅಂದುಕೊಂಡಿದ್ದಳು.

ಈಗ ಖಾನಾವಳಿಯ ಬುಟ್ಟಿಯಿಂದಲೇ ಎರಡು ಇಡೀ ರೊಟ್ಟಿ ತೆಗೆದು ಅವನಿಗೆ ಹಾಕಿದಳು. ಒಡೆದವನ್ನೆಲ್ಲ ತನ್ನ ತಾಟಿಗೆ ಎಳೆದುಕೊಂಡು ಒಂದನ್ನು ಮುರಿದು ಬಾಯಿಗಿಟ್ಟಳು.

"ಇವು ಖಾನಾವಳಿಯವು ಅಲ್ಲೇನ?" ಎಂದ ಮಚ್ಚೇಂದ್ರ.

"ಇರ್ಲಿ, ಉಣ್ರಿ."

ಅವನು ಉಣ್ಣಲಿಲ್ಲ. ಅವಳ ತಾಟನ್ನೇ ನೋಡುತ್ತ ಕೂತ. ಆಮೇಲೆ ಕೈ ಚಾಚಿ, ಮೇಲಿದ್ದ ಒಡೆದ ರೊಟ್ಟಿಯನ್ನು ಎತ್ತಿಕೊಂಡ.

"ನಾನೂ ಎಣಿಸೀನಿ, ಗಿರಿಜಾ."