ಎರಡನೇ ದೋಸೆ

ವಾರಿಜ ಎರಡನೇ ದೋಸೆಯನ್ನು ಮಗಳ ತಟ್ಟೆಗೆ ಹಾಕುವಷ್ಟರಲ್ಲಿ ಜುಂಬಾ ಕ್ಲಾಸಿನ ಗೆಳತಿಯ ಫೋನು ಬಂತು.

"ಯೋಗ ಬಿಟ್ರಿ, ಜುಂಬಾನೂ ಬಿಟ್ರಿ. ಈಗ ಗರಡಿ ಹುಡುಗರ ಥರ ಜಿಮ್ಮಲ್ಲಿ ಭಾರ ಎತ್ತುತ್ತಿದ್ದೀರಂತೆ! ಸಣ್ಣ ಆಗೋದು ಬೇಡ್ವೇನ್ರೀ?"

"ನನಗೆ ತೋಳಲ್ಲಿ ಬಲ ಬಂದ್ರೆ ಸಾಕು ಕಣ್ರೀ."

"ಯಾರನ್ನ ಎತ್ತಿ ಒಗೀಬೇಕೂಂತ?"

ವಾರಿಜಳೂ ನಕ್ಕು ಫೋನಿಟ್ಟಳು. ಅಷ್ಟರಲ್ಲಿ ಮಗಳು ತಟ್ಟೆಯನ್ನು ಪಕ್ಕಕ್ಕೆ ಸರಿಸಿದ್ದಳು.

"ಇವತ್ತೂ ಒಂದೇನಾ ಚಿನ್ನಾ? ದೋಸೆ ಅಂದ್ರೆ ಜೀವ ಬಿಡ್ತಿದ್ದೆ!"

"ಹಸಿವಿಲ್ಲಮ್ಮಾ."

ಕೆಳಗೆ ಸ್ಕೂಲ್ ವ್ಯಾನು ಹಾರನ್ ಹೊಡೆಯಿತು. ವಾರಿಜ ಬಗ್ಗಿ, ಹುಟ್ಟಿನಿಂದಲೂ ಕಾಲೂರಲಾಗದ, ಹನ್ನೊಂದು ತುಂಬಿದ ಮಗಳನ್ನು ಎರಡೂ ತೋಳಲ್ಲಿ ಎತ್ತಿಕೊಂಡಳು. ಮೆಟ್ಟಿಲಿಳಿಯುವಾಗ ಅವಳಿಗೆ ಉಸಿರು ಕಟ್ಟಿತು. ಕುತ್ತಿಗೆ ತಬ್ಬಿದ್ದ ಮಗಳು ಕೊನೆಗೂ ಕೇಳಿಯೇಬಿಟ್ಟಳು:

"ಅಮ್ಮಾ, ನಾನು ಸ್ವಲ್ಪನಾದ್ರೂ ಹಗುರ ಆಗಿದೀನಾ?"