ತಾತ ಕಟ್ಟಿದ ನೊಣ

ಹಾಲು ಉಕ್ಕಿತೆಂದು ಅಡುಗೆಮನೆಗೆ ಓಡಿ, ಒಲೆ ಆರಿಸಿ ಬರುವಷ್ಟರಲ್ಲಿ ಇಕ್ಕಳದ ಬಾಯಲ್ಲಿದ್ದ ನೊಣ ಮಾಯವಾಗಿತ್ತು. ತಾತ ಮೇಜಿನ ಮೇಲೆಲ್ಲ ಹುಡುಕಿದ, ಅಂಗಿ ಕೊಡವಿದ, ಕೊನೆಗೆ ಬಗ್ಗಿ ಮೇಜಿನ ಕೆಳಗೆ ನೋಡಿದ. ಅಲ್ಲಿ, ಏನಾದರೂ ಹಿಡಿದು ಎದ್ದು ನಿಲ್ಲಲು ಈಗಷ್ಟೇ ಕಲಿತಿದ್ದ ಮೊಮ್ಮಗಳು ಗುಂಡಮ್ಮ ಕೂತಿದ್ದಳು. ಬಾಯಿ ಆಡುತ್ತಿತ್ತು. ಕೆಳತುಟಿಗೆ ಕೆಂಪು ಉಲ್ಲನ್ನಿನ ಒಂದು ಎಳೆ ಅಂಟಿಕೊಂಡಿತ್ತು. ತಾತನ ಜೀವ ಬಾಯಿಗೆ ಬಂತು.

ನೊಣವೆಂದರೆ ಹಾರುವ ನೊಣವಲ್ಲ. ವಾಚು ರಿಪೇರಿ ಮಾಡುವ ಈ ತಾತನ ಅಂಗಡಿಗೆ ಈಗ ಯಾರೂ ಹತ್ತುವುದಿಲ್ಲ. "ಬೇರೆಯವರು ಅಂಗಡೀಲಿ ಕೂತು ನೊಣ ಹೊಡೀತಾರೆ, ನಾನು ಮನೇಲಿ ಕೂತು ನೊಣ ಕಟ್ತೀನಿ" ಎಂದು ತಮಾಷೆ ಮಾಡುತ್ತಾ, ಅಕ್ಕಿಕಾಳಿನಷ್ಟು ಗಾಳವನ್ನು ಮೇಜಿಗೆ ಬಿಗಿದ ಇಕ್ಕಳದಲ್ಲಿ ಸಿಕ್ಕಿಸಿ, ಅದಕ್ಕೆ ದಿಂಬಿನ ಪುಕ್ಕವನ್ನೂ ಹಳೇ ಸ್ವೆಟರಿನ ಎಳೆಯನ್ನೂ ಸುತ್ತಿ ಹುಸಿನೊಣ ಮಾಡುತ್ತಿದ್ದ. ಕೆರೆಯ ಅಂಗೈಯಗಲದ ಮೀನುಗಳು, ಹುರಿಯುವ ಕಾವಲಿಗೆ ಎರಡು ಹಿಡಿಸುವಂಥವು, ನಿಜವೆಂದೇ ನಂಬಿ ಅದನ್ನು ಗಬಕ್ಕನೆ ನುಂಗುತ್ತಿದ್ದವು. "ಅಪ್ಪಾ, ಮಗು ಎದ್ದಿರೋವಾಗ ಆ ಗಾಳದ ಪೆಟ್ಟಿಗೆ ತೆಗೀಬೇಡ" ಎಂದು ಮಗಳು ಕೆಲಸಕ್ಕೆ ಹೊರಡುವಾಗಲೆಲ್ಲ ಹೇಳುತ್ತಿದ್ದಳು. ಇವತ್ತೂ ಹೇಳಿದ್ದಳು. ಇವತ್ತೂ ತಾತ ಹೂಂ ಎಂದಿದ್ದ.

"ಆ ಅನ್ನು ಬಂಗಾರ, ಆ..." ಬೆರಳು ಹಾಕಿ ಬಾಯೆಲ್ಲ ತಡಕಿದ. ಪುಟ್ಟ ಪುಟ್ಟ ಹಲ್ಲು, ಜೊಲ್ಲು, ಇನ್ನೊಂದೆರಡು ಎಳೆ ಉಲ್ಲನ್. ಗಾಳವಿಲ್ಲ. ಗುಂಡಮ್ಮ ಆಟವೆಂದುಕೊಂಡು ಬೆರಳು ಕಚ್ಚಿ ಕಿಲಕಿಲ ನಕ್ಕಳು. ಆಮೇಲೆ ಒಂದು ಸಲ ಕೆಮ್ಮಿದಳು. ತಾತ ಅವಳನ್ನು ಎತ್ತಿಕೊಂಡು ಬರಿಗಾಲಲ್ಲೇ ಮೆಟ್ಟಿಲಿಳಿದು ಕೆಳಮನೆಯ ನರ್ಸಮ್ಮನ ಬಾಗಿಲು ದಬದಬ ಬಡಿದ.

"ನರ್ಸಮ್ಮಾ, ಮಗು ನೊಣ ನುಂಗಿಬಿಡ್ತು!"

ಆಕೆ ಟವೆಲಿನಲ್ಲಿ ತಲೆ ಒರೆಸಿಕೊಳ್ಳುತ್ತಾ ಬಂದವಳು ಗುಂಡಮ್ಮನ ಕೆನ್ನೆ ಹಿಂಡಿ ಗೊಳ್ಳೆಂದು ನಕ್ಕಳು. "ಅಯ್ಯೋ, ಅಷ್ಟಕ್ಕೆ ಹಿಂಗೆ ಬೆವರಿದ್ದೀರಾ? ನಮ್ಮಣ್ಣ ಚಿಕ್ಕವನಿದ್ದಾಗ ಜಿರಳೆನೇ ತಿಂದಿದ್ದ. ಈಗ ನೋಡಿ, ಬಾಗಿಲಲ್ಲಿ ಹಿಡಿಸಲ್ಲ! ನೊಣ ತಾನೆ, ಏನೂ ಆಗಲ್ಲ. ಎರಡು ಗುಟುಕು ನೀರು ಕುಡಿಸಿ ಮಲಗಿಸಿ ತಾತ."

ನಿಜ ಹೇಳಬೇಕೆಂದರೆ, ಆ ಮಾತು ಕೇಳಿ ತಾತನಿಗೆ ಒಂದು ಗಳಿಗೆ ಹಾಯೆನಿಸಿತು. ಆಕೆ ತಪ್ಪು ತಿಳಿದಿದ್ದಾಳೆಂದು ಗೊತ್ತು, ಗೊತ್ತಿದ್ದೂ ಹಾಯೆನಿಸಿತು. ನರ್ಸೇ ಏನೂ ಆಗಲ್ಲ ಅಂದಳಲ್ಲ! ಸುಮ್ಮನೆ ಮೇಲೆ ಹೋಗಿ ಪೆಟ್ಟಿಗೆ ಮುಚ್ಚಿಟ್ಟರೆ ಮಗಳಿಗೆ ಯಾಕೆ ಗೊತ್ತಾಗುತ್ತದೆ? ಗೊತ್ತಾದರೆ ಮುಗಿಯಿತು, ಗುಂಡಮ್ಮನನ್ನು ಇನ್ನು ಇವನ ಹತ್ತಿರ ಬಿಡುವುದಿಲ್ಲ. ಬೆಳಗಿನಿಂದ ಸಂಜೆಯವರೆಗೆ ಆ ಮನೆಯಲ್ಲಿ ಅವನಿಗೆ ಇರುವವಳು ಅವಳೊಬ್ಬಳೇ. ಅಷ್ಟರಲ್ಲಿ ಗುಂಡಮ್ಮ ಮತ್ತೆ ಕೆಮ್ಮಿದಳು.

"ಆ ನೊಣ ಅಲ್ಲಮ್ಮಾ" ಎಂದ. ಬಿಡಿಸಿ ಹೇಳಿದ: "ನಾನು ಕಟ್ಟಿದ ನೊಣ. ಮೀನಿಗೆ ಅಂತ. ಒಳಗೆ ಗಾಳ ಇದೆ."

ನರ್ಸಮ್ಮನ ಮುಖದ ನಗು ಆರಿಹೋಯಿತು. "ಏನೂ ಕುಡಿಸಬೇಡಿ, ನೀರೂ ಬೇಡ. ನಡೀರಿ, ನಡೀರಿ!" ಎನ್ನುತ್ತಾ ಟವೆಲನ್ನು ಅಲ್ಲೇ ಬಿಸಾಕಿ ಸ್ಕೂಟರಿನ ಕೀ ಎತ್ತಿಕೊಂಡಳು.

ನರ್ಸಮ್ಮನ ಫೋನು ಹೋದಮೇಲೆ ಮಗಳು ಎದ್ದೆನೋ ಬಿದ್ದೆನೋ ಎಂದು ಆಸ್ಪತ್ರೆಗೆ ಬಂದಳು. ತಾತ ಬೆಂಚಿನ ತುದಿಯಲ್ಲಿ ಮುದುಡಿಕೊಂಡು ನಡೆದದ್ದನ್ನೆಲ್ಲ ಹೇಳಿದ. ಅವಳು ಮಗುವನ್ನು ತಾನೇ ಎತ್ತಿಕೊಂಡು ಡಾಕ್ಟರ ಕೋಣೆಯತ್ತ ನಡೆದುಬಿಟ್ಟಳು. ನಾಲ್ಕು ಬೈದಿದ್ದರೆ ಎಷ್ಟೋ ವಾಸಿಯಿತ್ತು. ಮಗುವಿನ ಗಂಟಲು, ಎದೆ, ಹೊಟ್ಟೆಯ ಎಕ್ಸ್‌ರೇ ತೆಗೆದರು. ಡಾಕ್ಟರು ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, "ಏನೂ ಇಲ್ಲ. ಉಲ್ಲನ್ ತಿಂದಿದ್ದಾಳೆ, ಅಷ್ಟೇ. ತಾನಾಗೇ ಹೋಗುತ್ತೆ" ಎಂದರು. ತಾತ ಗೋಡೆ ಹಿಡಿದು ಗಳಗಳ ಅತ್ತುಬಿಟ್ಟ. ಮಗಳು ಅವನ ಬೆನ್ನ ಮೇಲೆ ಕೈಯಿಟ್ಟಳು. "ಆಯ್ತು ಬಾಪ್ಪ. ಮನೆಗೆ ಹೋಗೋಣ."

ಮನೆಯ ಬಾಗಿಲು ಹಾರುಹೊಡೆದುಕೊಂಡೇ ಇತ್ತು. ನೆಲ ಕಂಡದ್ದೇ ತಡ, ಗುಂಡಮ್ಮ ಕಂಕುಳಿಂದ ಇಳಿಯಲು ಕೊಸರಾಡಿದಳು. ಇಳಿಸಲೆಂದು ಬಗ್ಗಿದ ಮಗಳು ಅರ್ಧಕ್ಕೇ ನಿಂತುಬಿಟ್ಟಳು.

"ಅಪ್ಪಾ... ಇವಳ ಹೊಟ್ಟೇಲಿಲ್ಲ ಅಂದ್ರೆ ಅದು ಎಲ್ಲಿದೆ?"

ತಾತ ಒಳಗೆ ನೋಡಿದ. ಜಮಖಾನ, ಬಟ್ಟೆಯ ಗೊಂಬೆ, ಕೆಡವಿದ ಪುಕ್ಕದ ಡಬ್ಬಿ, ಸೋಫಾದ ಕೆಳಗಿನ ಕತ್ತಲು. ಇನ್ನೂ ನಡೆಯಲು ಬಾರದ ಮಗು ದಿನವಿಡೀ ಅಂಬೆಗಾಲಿಡುವ ನೆಲ.

"ಅಯಸ್ಕಾಂತ ಇದೆಯಾ?"

"ವಾಚಿನವನ ಮನೇಲಿ ಅಯಸ್ಕಾಂತ ಎಲ್ಲಮ್ಮಾ ಇಡ್ತಾರೆ? ವಾಚೆಲ್ಲ ಕೆಟ್ಟುಹೋಗುತ್ತೆ."

ಮಗಳು ಮಗುವನ್ನು ಹೆಗಲಿಗೇರಿಸಿಕೊಂಡು ಹೊಸ್ತಿಲಿನಿಂದ ಒಂದು ಹೆಜ್ಜೆ ಹಿಂದೆ ಸರಿದಳು. ತಾತ ಮಂಡಿಯೂರಿದ. ಎರಡೂ ಅಂಗೈಗಳನ್ನು ನೆಲಕ್ಕೆ ಒತ್ತಿ ಒತ್ತಿ ಸವರುತ್ತಾ, ಚುಚ್ಚಲಿ, ನನಗೇ ಚುಚ್ಚಲಿ, ಈಗಲೇ ಚುಚ್ಚಲಿ ಎಂದು ಬೇಡಿಕೊಳ್ಳುತ್ತಾ ಒಳಗೆ ಹೊರಟ.

"ಆನೆ! ಆನೆ!" ಎಂದು ಗುಂಡಮ್ಮ ಅವನ ಬೆನ್ನೇರಲು ಎರಡೂ ಕೈ ಚಾಚಿದಳು. ಮಗಳು ಬಿಡಲಿಲ್ಲ.